ಡಾಕ್ಟರು ಓಡಿಸಿದ ಗಾಡಿ

ಸೆಕೆಂಡ್‌ಹ್ಯಾಂಡ್ ಕಾರು ಮಾರುವವರ ಮಾತು ನಂಬುವುದಾದರೆ, ನಮ್ಮ ರಾಜ್ಯದ ವೈದ್ಯರಿಗೆ ಕಾರು ಕೊಂಡು ಮಾರುವುದು ಬಿಟ್ಟು ಬೇರೆ ಕಸುಬೇ ಇಲ್ಲ. ಯಾವ ಬ್ರೋಕರ್ ಹತ್ತಿರವಾದರೂ ಹೋಗಿ, ಯಾವ ಬಾನೆಟ್ಟನ್ನಾದರೂ ಎತ್ತಿಸಿ, ‘ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ’ ಎಂಬ ಮಂತ್ರ ತಪ್ಪದು. ಡಾಕ್ಟರ ಕೈಗುಣ ರೋಗಿಗಷ್ಟೇ ಅಲ್ಲ, ಗೇರ್‌ಬಾಕ್ಸಿಗೂ ತಾಗಿರುತ್ತದೆಂದು ನಾವೂ ಭಕ್ತಿಯಿಂದ ನಂಬಿ ನಾಲ್ಕು ಕಾಸು ಹೆಚ್ಚಿಗೇ ಕೊಡುತ್ತೇವೆ. ವಕೀಲರ ಗಾಡಿ, ತಹಸೀಲ್ದಾರರ ಗಾಡಿ ಎಂದು ಹೊಗಳಿ ಮಾರಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಗ್ಯಾರೇಜಿನ ಮೇಸ್ತ್ರಿ ಮಾತ್ರ ಈ ಮಂತ್ರಕ್ಕೆ ಬಗ್ಗುವವನಲ್ಲ. ‘ಕ್ಲಿನಿಕ್ಕು ಎಷ್ಟು ದೂರ ಸಾರ್?’ ಎಂದು ಕೇಳುತ್ತಾನೆ. ಎರಡು ಕಿಲೋಮೀಟರ್ ಎಂದರೆ ಸಾವಿನ ಮನೆಯಲ್ಲಿ ಲೊಚಗುಟ್ಟುವ ಹಾಗೆ ಲೊಚಗುಟ್ಟಿ, ‘ಬೇಡ ಬಿಡಿ’ ಅನ್ನುತ್ತಾನೆ.

ಅವನ ಲೆಕ್ಕ ಸರಿಯಾಗಿಯೇ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊಗೆಯ ಜೊತೆಗೆ ಸುಮಾರು ಒಂದು ಲೀಟರ್ ನೀರೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಗೆ ಹೋಗಿಬಿಡುತ್ತದೆ. ಎರಡು ಕಿಲೋಮೀಟರಿನಲ್ಲಿ ಯಾವ ಎಂಜಿನ್ ಕಾಯುತ್ತದೆ? ಮೀಟರಿನ ಮುಳ್ಳು ಮೇಲೇಳುವಷ್ಟರಲ್ಲಿ ಡಾಕ್ಟರು ಕ್ಲಿನಿಕ್ಕಿನ ಮುಂದೆ ಗಾಡಿ ಆಫ್ ಮಾಡಿ ಸ್ಟೆತಸ್ಕೋಪ್ ಹಾಕಿಕೊಂಡಾಗಿರುತ್ತದೆ. ನೀರು ಸೈಲೆನ್ಸರಿನಲ್ಲೇ ಕೂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಒಂದಿಷ್ಟು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಸರಿಯಾಗಿ ಉರಿಯದ ಪೆಟ್ರೋಲೂ ಅದರ ಜೊತೆ ಸೇರಿ ಆಯಿಲ್ ತೆಳ್ಳಗಾಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ ಇಂಥ ಗಾಡಿಯ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಕಾಫಿ ಬಣ್ಣದ ನೊರೆ ಮೆತ್ತಿಕೊಂಡಿರುತ್ತದೆ. ಸೆಲ್ಫ್ ಹೊಡೆಯಲು ಖರ್ಚಾದ ಕರೆಂಟು ಬ್ಯಾಟರಿಗೆ ವಾಪಸು ತುಂಬುವ ಮೊದಲೇ ಮತ್ತೊಂದು ಸೆಲ್ಫ್. ಹತ್ತು ವರ್ಷಕ್ಕೆ ಬರೀ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ ಎಂದು ನಾವು ಹಿಗ್ಗಿ ಕೊಳ್ಳುವ ಗಾಡಿಯ ಅಂತರಂಗ ಇದು.

ಅತ್ತ ಬೆಂಗಳೂರು–ಮೈಸೂರು ಓಡುವ ಟ್ಯಾಕ್ಸಿಯನ್ನು ನೋಡಿದರೆ ಮೂಗು ಮುರಿಯುತ್ತೇವೆ. ಸೀಟು ಹರಿದಿರುತ್ತದೆ, ಬಾಗಿಲು ಎರಡು ಸಲ ಬಡಿಯಬೇಕು, ನಿಜ. ಆದರೆ ಎಂಜಿನ್ ಕಾದು, ಐದನೇ ಗೇರಿನಲ್ಲಿ ಒಂದೇ ಹದಕ್ಕೆ ಓಡುತ್ತಿರುತ್ತದೆ. ಅದಕ್ಕೆ ಬೇಕಾದದ್ದೂ ಅದೇ. ಅಮೆರಿಕದ ಲಾಂಗ್ ಐಲ್ಯಾಂಡಿನಲ್ಲಿ ಅರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟ್ರಿದ್ದರು. 1966ರಲ್ಲಿ ಒಂದು ಕೆಂಪು ವೋಲ್ವೊ ಕೊಂಡರು. ದಿನಾ ದೂರದ ಸ್ಕೂಲಿಗೆ ಅದರಲ್ಲೇ ಹೋಗಿಬಂದು, ರಜೆ ಬಂದರೆ ಅದರಲ್ಲೇ ಊರೂರು ಸುತ್ತಿ, 2013ರಲ್ಲಿ ಅದೇ ಕಾರಿನಲ್ಲಿ 30 ಲಕ್ಷ ಮೈಲಿ ಮುಟ್ಟಿಸಿ ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರ್! ಗುಟ್ಟೇನೆಂದು ಕೇಳಿದವರಿಗೆ ಅವರು ಹೇಳುತ್ತಿದ್ದುದು ಇಷ್ಟೇ: ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಬರೆದ ಹಾಗೆ ಮಾಡಿ. ನಮ್ಮಲ್ಲಿ ಆ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಇನ್ಶೂರೆನ್ಸ್ ಕಾಗದ ಮತ್ತು ಧರ್ಮಸ್ಥಳದ ಪ್ರಸಾದದ ಪೊಟ್ಟಣದ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನ ಸೀಲೂ ಒಡೆಯದೆ ಭದ್ರವಾಗಿರುತ್ತದೆ. ಇಂಥ ಮೇಷ್ಟ್ರ ಗಾಡಿ ಎಂದು ಯಾರಾದರೂ ಮಾರಿದರೆ ನಾನು ಕಣ್ಣುಮುಚ್ಚಿ ಕೊಳ್ಳುತ್ತೇನೆ.

ನನ್ನ ಮಾವನವರು ಪುಸ್ತಕ ಓದಿ ಓಡಿಸುವವರಲ್ಲ. ಅಂಬಾಸಿಡರ್ ಕಾಲದವರು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತರೂ ಮಾವನವರ ಪದ್ಧತಿ ನಿಂತಿಲ್ಲ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಚಾರ್ಮಾಡಿ ಘಾಟಿ ಇಳಿಯಲು ಶುರುಮಾಡಿದರೆ, ಮೊದಲ ತಿರುವಿನಲ್ಲೇ ಗೇರು ನ್ಯೂಟ್ರಲ್ಲಿಗೆ.

‘ಮಾವ, ಗೇರಲ್ಲಿಳಿಸಿ.’

‘ಪೆಟ್ರೋಲ್ ರೇಟು ಗೊತ್ತೇನ್ರಿ ಅಳಿಯಂದಿರೇ?’

ಕಾರ್ಬುರೇಟರ್ ಕಾಲದಲ್ಲಿ ಆ ಲೆಕ್ಕಕ್ಕೆ ಏನೋ ಒಂದು ಅರ್ಥವಿತ್ತು. ಈಗಿನ ಗಾಡಿಯಲ್ಲಿ ಗೇರ್ ಹಾಕಿಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಗಾಡಿಯೊಳಗಿನ ಕಂಪ್ಯೂಟರ್ ಎಂಜಿನ್ನಿಗೆ ಪೆಟ್ರೋಲ್ ಹೋಗುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಅದು ಆಫ್ ಆಗದಿರಲೆಂದು ಪೆಟ್ರೋಲ್ ಉಣಿಸುತ್ತಲೇ ಇರಬೇಕು. ಅಂದರೆ ಮಾವನವರು ಉಳಿತಾಯ ಮಾಡುತ್ತಾ ಖರ್ಚು ಮಾಡುತ್ತಿದ್ದಾರೆ. ಜೊತೆಗೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಹೊಸ ಡಾಟ್ 3 ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಆದರೆ ಅದು ಗಾಳಿಯ ತೇವ ಹೀರುವ ಜಾತಿ. ನೀರು ಹಿಡಿದ ಮೇಲೆ 140ರ ಹತ್ತಿರಕ್ಕೇ ಕುದಿಯಬಹುದು. ಕುದಿದರೆ ಆವಿಗುಳ್ಳೆ, ಗುಳ್ಳೆ ಬಂದರೆ ಪೆಡಲು ಸೀದಾ ನೆಲಕ್ಕೆ. ಚಾರ್ಮಾಡಿಯಲ್ಲಿ ಹಾಗಾದರೆ ಮುಂದೆ ಏನೆಂದು ಬರೆಯುವ ಧೈರ್ಯ ನನಗಿಲ್ಲ. ಇಷ್ಟೆಲ್ಲ ವಿವರಿಸಿದ್ದಕ್ಕೆ ಮಾವನವರು, ‘ನಿಮ್ಮ ಕಂಪ್ಯೂಟರಿಗೆ ಪೆಟ್ರೋಲ್ ಹಾಕಿಸೋರು ನಾವು ತಾನೇ?’ ಅಂದರು. ಹೆಣ್ಣು ಕೊಟ್ಟ ಮಾವ, ಅಷ್ಟಕ್ಕೇ ಸುಮ್ಮನಾದೆ. ಈಗ ಘಾಟಿಯಲ್ಲಿ ನಾನೇ ಓಡಿಸುತ್ತೇನೆ, ಅವರು ಪಕ್ಕದಲ್ಲಿ ಕೂತು ಪೆಟ್ರೋಲ್ ಮುಳ್ಳನ್ನೇ ನೋಡುತ್ತಾರೆ.

ಮೇಸ್ತ್ರಿಯ ಕಣ್ಣಿಗೆ ಕ್ಲಚ್ ಪ್ಲೇಟೆಂದರೆ ಮಾಲೀಕನ ಜಾತಕ. ಬಿಚ್ಚಿದ ಪ್ಲೇಟನ್ನು ಬೆಳಕಿಗೆ ಹಿಡಿದು, ‘ಇವರು ಸಿಲ್ಕ್ ಬೋರ್ಡ್ ಕಡೆ ಕೆಲಸ, ಎಡಗಾಲು ಪೆಡಲಿಂದ ತೆಗೆಯಲ್ಲ’ ಎಂದು ಫಲ ಹೇಳುತ್ತಾನೆ. ನಮ್ಮ ಎದುರುಮನೆಯವರು ಅಂಥವರು. ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯುವುದು ಅವರ ಘನತೆಗೆ ಕಡಿಮೆ. ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ಹಿಂದಕ್ಕೂ ಬಿಡದೆ ಮುಂದಕ್ಕೂ ಬಿಡದೆ ತೂಗಾಡಿಸುತ್ತಾರೆ. ಸುಟ್ಟ ವಾಸನೆ ಬಂದರೆ ಮುಂದಿನ ಲಾರಿಯ ಕಡೆ ಅನುಮಾನದಿಂದ ನೋಡುತ್ತಾರೆ. ಒಬ್ಬರ ಗಾಡಿಯಲ್ಲಿ ಲಕ್ಷ ಕಿಲೋಮೀಟರ್ ಬಾಳುವ ಪ್ಲೇಟು ಅವರ ಕಾಲಡಿಯಲ್ಲಿ ಮೂವತ್ತು ಸಾವಿರಕ್ಕೇ ಮುಗಿಯುತ್ತದೆ. ‘ಕಂಪನಿ ಸರಿಯಿಲ್ಲ ಕಣ್ರೀ’ ಎಂದು ಎರಡು ಕಂಪನಿ ಬದಲಾಯಿಸಿದ್ದಾರೆ. ಕಾಲು ಅದೇ ಇದೆ.

ಹಾಗೆಂದು ನಮಗೆ ಗಾಡಿಯ ಮೇಲೆ ಪ್ರೀತಿ ಇಲ್ಲ ಎನ್ನುವಂತಿಲ್ಲ. ಆಯುಧಪೂಜೆಯ ದಿನ ನೋಡಬೇಕು! ಚೆಂಡುಹೂವಿನ ಹಾರ, ಬಾನೆಟ್ಟಿಗೆ ವಿಭೂತಿ, ಕುಂಕುಮ, ಎರಡೂ ಪಕ್ಕಕ್ಕೆ ಬಾಳೆಕಂದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. (ರಸ್ತೆ ನಡುವೆ ಒಡೆದ ಬೂದುಗುಂಬಳಕಾಯಿಯ ಮೇಲೆ ಬೈಕಿನವರು ಜಾರಿ ಬೀಳುವುದು ಬೇರೆ ಮಾತು.) ನಿಂಬೆಹಣ್ಣು ಇಡಲು ಬಗ್ಗಿದವರು ಟೈರನ್ನೂ ಒಮ್ಮೆ ನೋಡಬಹುದಲ್ಲ. ಗಾಳಿ ಕಡಿಮೆ ಇದ್ದರೆ ಟೈರಿನ ಎರಡು ಅಂಚು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕೆಂದು ಅರ್ಥ. ಎಷ್ಟು ಗಾಳಿ ಇರಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನ ಮೇಲೆ ಬರೆದಿರುತ್ತದೆ. ದೂರ ಓಡಿಸಿ ಬಂದಮೇಲೆ ಅಳೆಯಬೇಡಿ, ಟೈರು ತಣ್ಣಗಿದ್ದಾಗ ಅಳೆಸಿ. ಬರುವ ಹಬ್ಬದ ಹಿಂದಿನ ದಿನ, ಹೂವು ತರಲು ಮಾರ್ಕೆಟ್ಟಿಗೆ ಹೋಗುವಾಗ, ಮನೆ ಹತ್ತಿರದ ಬಂಕಿನಲ್ಲಿ ಒಂದು ನಿಮಿಷ ನಿಲ್ಲಿಸಿ. ನಾಲ್ಕು ಚಕ್ರದ ಜೊತೆ ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಹೊಡೆಸಿ. ಬಂಕಿನಲ್ಲಿ ಗಾಳಿ ಬಿಟ್ಟಿ.