ಪರವರ್ಣನಿವಾರಣಮಾರ್ಗಂ

ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ಮೂರು ಪರಿಚ್ಛೇದ ಮಾಡಿ, ಮೊದಲನೆಯದನ್ನು ದೋಷ ಯಾವುದು, ಅದೋಷ ಯಾವುದು ಎಂಬ ವಿಚಾರಕ್ಕೆ ಬಿಟ್ಟ. ಕಾಗಿಣಾ ನದಿಯ ನೀರು ಕುಡಿದವರಿಗೆ ಈ ಕ್ರಮ ರಕ್ತದಲ್ಲೇ ಬಂದಿದೆ. ಮೊದಲು ತಪ್ಪು ಯಾರದೆಂದು ತೀರ್ಮಾನವಾಗಬೇಕು, ಒರೆಸುವ ಕೆಲಸ ಆಮೇಲೆ.

ಪ್ರಕೃತ ಪ್ರಬಂಧಕ್ಕೆ ನಿಮಿತ್ತ ಇಷ್ಟು. ಪಕ್ಕದ ಮನೆಯ ಕಾಕಾ ಮಗಳ ಮದುವೆಯೆಂದು ಗೇಟಿಗೆ ಕಂಪ್ರೆಸರ್ ಹಚ್ಚಿ ಸಿಲ್ವರ್ ಬಣ್ಣ ಹೊಡೆಸಿದರು. ಗೇಟಿಗೆ ಹಿಡಿಸದೆ ಮಿಕ್ಕಿದ್ದೆಲ್ಲ ನನ್ನ ಕೆಂಪು ಕಾರಿನ ಮೇಲೆ ಬಂದು ಕೂತಿತು. ದೂರದಿಂದ ಏನೂ ಕಾಣದು. ಬಾನೆಟ್ ಮೇಲೆ ಕೈಯಾಡಿಸಿದರೆ ಮಾತ್ರ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮುಟ್ಟಿದ ಹಾಗೆ.

“ಗಾಳಿ ಬಂತ್ರೀ, ನಾ ಏನ್ ಮಾಡ್ಲಿ” ಅಂದರು ಕಾಕಾ. ಇದು ಪೂರ್ವಪಕ್ಷ. ದೋಷವನ್ನು ವಾಯುವಿಗೆ ಆರೋಪಿಸಿದರೆ ಪರಿಹಾರ ಕೇಳಲು ಎದುರುವಾದಿಯೇ ಇರುವುದಿಲ್ಲ. ಇಲ್ಲೊಂದು ವ್ಯವಹಾರ ಪ್ರಶ್ನೆಯೂ ಏಳುತ್ತದೆ. ಬಣ್ಣ ಕೊಂಡವರು ಅವರು, ಬಿದ್ದದ್ದು ನನ್ನ ಕಾರಿನ ಮೇಲೆ; ಈಗ ಅದು ಯಾರ ಸ್ವತ್ತು? ನಮ್ಮ ಶಹಾಬಾದ್ ಬಳಿಯ ಮರ್ತೂರಿನವನೆನ್ನುವ ವಿಜ್ಞಾನೇಶ್ವರ ‘ಮಿತಾಕ್ಷರ’ದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸಾಧಿಸಿದ. ಮೇಲೆ ಬಿದ್ದದ್ದರಿಂದಲೂ ಹಕ್ಕು ಹುಟ್ಟುತ್ತದೆಯೇ? ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕಂಪ್ರೆಸರ್ ಇರಲಿಲ್ಲವಾಗಿ ಈ ಪ್ರಶ್ನೆ ಹಾಗೇ ಉಳಿದಿದೆ. ಆ ಬಣ್ಣ ನನಗೆ ಬೇಡವೆಂದು ನಾನು ಬಾಯಿಮಾತಿನಲ್ಲಿ ಹಕ್ಕು ಬಿಟ್ಟುಕೊಟ್ಟೆ. ಕಾಕಾ ಸ್ವೀಕರಿಸಲಿಲ್ಲ.

ಇನ್ನು ದೇಶವಿಚಾರ. ಈ ಭಾಗದಲ್ಲಿ ಯಾವ ಕಾರೂ ಬರಿಮೈಯಲ್ಲಿ ಇರುವುದಿಲ್ಲ. ಬಾನೆಟ್ ನೋಡಿ ಊರು ಹೇಳಬಹುದು. ಬೂದು ಪುಡಿಯಾದರೆ ವಾಡಿ, ಕಲ್ಲು ಪಾಲಿಶ್‌ನ ಬಿಳಿ ಹುಡಿಯಾದರೆ ಶಹಾಬಾದ್, ತೊಗರಿ ಹೊಲದ ಕರಿ ಮಣ್ಣಾದರೆ ಚಿತ್ತಾಪುರ, ಕೆಂಪಾದರೆ ಚಿಂಚೋಳಿ. ನಾಲ್ಕೂ ಊರು ತಿರುಗಿ ಬಂದ ಕಾರಾದರೆ ಕಂಪನಿ ಕೊಟ್ಟ ಬಣ್ಣ ಯಾವುದೆಂದು ಆರ್‌ಸಿ ನೋಡಿಯೇ ತಿಳಿಯಬೇಕು. ಹಾಸ್ಯ ಬಿಟ್ಟು ಹೇಳುವುದಾದರೆ, ಕೆಲಸ ಕೆಡುವುದು ಇಲ್ಲೇ. ಹುಡಿಯ ಸಮೇತ ಬಣ್ಣ ಉಜ್ಜಿದರೆ ಅದೇ ಮರಳು ಕಾಗದವಾಗಿ ಗೀರು ಹಾಕುತ್ತದೆ. ಸಿಮೆಂಟ್ ಪುಡಿಯಂತೂ ಇಬ್ಬನಿ ಬಿದ್ದರೆ ಕೂತಲ್ಲೇ ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲು ಧಾರಾಳ ನೀರು, ಆಮೇಲೆ ಶಾಂಪೂ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ತಗಡಿನ ಮೇಲೆ ಏನು ಹಾಕಿದರೂ ಒರೆಸುವ ಮುಂಚೆ ಒಣಗಿ ಕಲೆಯಾಗುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ನಲ್ಲಿಗೆ ನೀರು ಆ ಹೊತ್ತಿಗೆ ಬಂದರೆ ಅದನ್ನು ದೈವಯೋಗ ಎನ್ನುತ್ತಾರೆ.

ನಿವಾರಣೆಯಲ್ಲಿ ಪಂಥಗಳು ಹಲವು. ಪೇಂಟರ್ ಹುಡುಗ ಥಿನ್ನರ್ ಪಂಥದವನು. “ಅರಿವಿಗಿ ಥಿನ್ನರ್ ಹಚ್ಚಿ ಒರಸ್ರಿ ಅಣ್ಣಾ, ಹೋಗ್ತದ” ಅಂದ. ಹೋಗುತ್ತದೆ, ನಿಜ. ಆದರೆ ಏನು ಹೋಗುತ್ತದೆ ಎಂಬುದು ಸೂತ್ರದಲ್ಲಿಲ್ಲ. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಥಿನ್ನರಿಗೆ ಕಾಕಾನ ಬಣ್ಣ ಬೇರೆ, ಕಂಪನಿಯ ಬಣ್ಣ ಬೇರೆ ಎಂಬ ಭೇದವಿಲ್ಲ. ಒಮ್ಮೆ ಡೆಂಟಿಂಗ್ ಮಾಡಿಸಿ ಹೊಸ ಬಣ್ಣ ಹೊಡೆಸಿದ ಬಾಗಿಲು ಮುಂಚೆ ಬಲಿಯಾಗುತ್ತದೆ. ಹೆಡ್‌ಲೈಟಿನ ಪ್ಲಾಸ್ಟಿಕ್ ಮಂಜುಗಣ್ಣಾಗುತ್ತದೆ.

ಬ್ಲೇಡ್ ಪಂಥಕ್ಕೆ ಸನ್ನತಿಯ ಉದಾಹರಣೆ ಸಾಕು. ಚಿತ್ತಾಪುರ ತಾಲೂಕಿನ ಆ ಊರಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನದ ಕಲ್ಲು ಸಿಕ್ಕಿತು. ಯಾರೋ ಯಾವ ಕಾಲಕ್ಕೋ ಅದನ್ನು ಮೂರ್ತಿಗೆ ಪೀಠ ಮಾಡಲು ನಡುವೆ ತೂತು ಕೊರೆದಿದ್ದರು. ಅಕ್ಷರಗಳು ಅಲ್ಲಿಗೆ ಹೋದವು. ಅಲ್ಲಿ ಉಳಿ ಮಾಡಿದ್ದನ್ನೇ ಬಾನೆಟ್ ಮೇಲೆ ಬ್ಲೇಡ್ ಮಾಡುತ್ತದೆ. ಗಾಜಿನ ಮೇಲಾದರೆ ನೀರು ಹಾಕಿಕೊಂಡು ಆಡಿಸಬಹುದು.

ಸಿದ್ಧಾಂತ ಪಕ್ಷದ ಹೆಸರು ಕ್ಲೇ ಬಾರ್. ನೋಡಲು ನಾದಿದ ಕಣಕದ ಉಂಡೆ. ಶಾಂಪೂ ನೀರು ಧಾರಾಳ ಸುರಿದು, ಭಾರ ಹಾಕದೆ ಅಂಗೈಯಗಲ ಜಾಗದಲ್ಲಿ ಸವರಬೇಕು. ಮೊದಲು ಚರಚರ ಅನ್ನುತ್ತದೆ. ಸದ್ದು ನಿಂತಿತೆಂದರೆ ಎಳ್ಳು ಉದುರಿತೆಂದು ಅರ್ಥ. ಉಂಡೆ ಮಡಚಿ ಹೊಸ ಮುಖ ಮಾಡಿಕೊಂಡು ಮುಂದಕ್ಕೆ. ನೆಲಕ್ಕೆ ಬಿತ್ತೋ, ಎಸೆದುಬಿಡಿ. ಒಂದು ಹರಳು ಅಂಟಿದ್ದರೂ ಸಾಕು. ಕೊನೆಗೆ ವ್ಯಾಕ್ಸ್. ನನಗೆ ಬಾನೆಟ್ ಒಂದಕ್ಕೇ ಇಡೀ ಬೆಳಗು ಹಿಡಿಯಿತು.

ಒಂದು ಪರಿಶಿಷ್ಟ. ಸಿಮೆಂಟ್ ಕಲೆಗೆ ವಿನೆಗರ್ ಒಳ್ಳೆಯದೆಂದು ಕೇಳಿ ಅಂಗಳದಲ್ಲೇ ಪ್ರಯೋಗಿಸಿದೆ. ಕಲೆ ಕರಗಿತು. ಆದರೆ ಅಂಗಳಕ್ಕೆ ಹಾಸಿದ್ದು ಶಹಾಬಾದ್ ಫರ್ಸಿ. ಅದೂ ಸುಣ್ಣದಕಲ್ಲೇ, ಹುಳಿ ಮುಟ್ಟಿದರೆ ಹೊಳಪು ಬಿಡುತ್ತದೆ. ಕಾರು ನಿಂತಿದ್ದ ಜಾಗ ಈಗ ಕಾರಿನಾಕಾರದಲ್ಲಿ ಮಾಸಿದೆ. ಈ ದೋಷಕ್ಕೆ ಗಾಳಿಯನ್ನು ಹೊಣೆ ಮಾಡಲು ಮನೆಯವಳು ಒಪ್ಪಿಲ್ಲ.

ಓದುಗರೇ, ಓಣಿಯಲ್ಲಿ ಕಂಪ್ರೆಸರ್ ಸದ್ದು ಕೇಳಿದರೆ ಗಾಳಿ ಯಾವ ಕಡೆಗೆಂದು ನೋಡುತ್ತಾ ನಿಲ್ಲಬೇಡಿ. ಮೊದಲು ಕಾರಿನ ಕೀಲಿ ಹುಡುಕಿ.