ಸೊನ್ನೆ ಕಟ್ಟುವ ಕ್ಯೂ

(ಫೋನಿನಲ್ಲಿ: ಮೈಸೂರಿನ ಚಿಕ್ಕಪ್ಪ, ಇಂಗ್ಲೆಂಡಿನಲ್ಲಿರುವ ಅಣ್ಣನ ಮಗ)

"ಎಲ್ಲಿದ್ದೀಯೋ?"

"ಕಾವೆಂಟ್ರಿಯ ಪೋಸ್ಟಾಫೀಸಲ್ಲಿ, ಚಿಕ್ಕಪ್ಪ. 1979ರ ಟ್ರಯಂಫ್ ಬೈಕಿಗೆ ರಸ್ತೆ ತೆರಿಗೆ ಮಾಫಿ ಮಾಡಿಸ್ತಿದ್ದೀನಿ. ಬೈಕು ಹುಟ್ಟಿದ್ದೂ ಇಲ್ಲೇ ಪಕ್ಕದ ಮೆರಿಡನ್‌ನಲ್ಲಿ. 40 ವರ್ಷ ದಾಟಿದ್ರೆ ತೆರಿಗೆ ಸೊನ್ನೆ."

"ಸೊನ್ನೆ ಅಂದ್ಮೇಲೆ ಕ್ಯೂ ಯಾಕೆ?"

"ಆ ಸೊನ್ನೆ ಕಟ್ಟೋಕೆ! ಲಾಗ್‌ಬುಕ್‌ನಲ್ಲಿ 'ಐತಿಹಾಸಿಕ ವಾಹನ' ಅಂತ ಬದಲಾಯಿಸ್ಬೇಕು. ಆಮೇಲೂ ವರ್ಷಾ ವರ್ಷಾ ಸೊನ್ನೆ ನವೀಕರಿಸ್ಬೇಕು."

"ಮರೆತರೆ?"

"ದಂಡ. ಅದು ಸೊನ್ನೆ ಅಲ್ಲ."

"ಗಾಡಿ ತಪಾಸಣೆ?"

"ಬೇಡ. 30 ವರ್ಷದಿಂದ ದೊಡ್ಡ ಬದಲಾವಣೆ ಮಾಡಿಲ್ಲ ಅಂತ ನಾನೇ ಬರೆದುಕೊಟ್ರೆ ಸಾಕು. ಬ್ರೇಕ್ ಹಿಡಿಯುತ್ತಾ ಅಂತ ಫಾರಂ ಕೇಳಲ್ಲ."

(ಚಿಕ್ಕಪ್ಪ ತಮ್ಮ ಜಾವಾ ಬೈಕಿನ ಕಿಕ್ಕರನ್ನು ಒದ್ದರು, ಸ್ಟಾರ್ಟಾಗಲಿಲ್ಲ, ಅದನ್ನೇ ತಿರುಗಿಸಿ ಗೇರ್ ಲಿವರ್ ಮಾಡಿಕೊಂಡು ಸುಮ್ಮನಾದರು.)

"ನನ್ನ ಮೈಸೂರು ಜಾವಾಗೂ 50 ದಾಟಿತು ಕಣೋ. ಇಲ್ಲಿ 2021ರ ನಿಯಮ. ವಿಂಟೇಜ್ ನೋಂದಣಿಗೆ 20,000 ರೂಪಾಯಿ. ಕೊಟ್ಟಮೇಲೆ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ."

"ಹಾಗಾದ್ರೆ ಮಾಡಿಸ್ಬೇಡಿ."

"ಮಾಡಿಸ್ತೀನಿ. ಇದು ಹೇಗೂ ರಿಪೇರಿಗೆ ಬಿಟ್ಟು ಇನ್ನೆಲ್ಲಿಗೂ ಹೋಗಲ್ಲ!"