ಶಾಸನ ರಾಯರು

ಹೊಸಬರು ಸಿಕ್ಕರೆ ನಮ್ಮವರು ‘ಯಾವೂರಾಯ್ತು ತಮ್ದು?’ ಎಂದು ಕೇಳುವುದು ಎರಡು ಕಾರಣಕ್ಕೆ. ನೆಂಟಸ್ತಿಕೆ ಏನಾದರೂ ತಗಲುತ್ತದೆಯೋ ನೋಡಲು, ಇಲ್ಲವೇ ಜಾತಿ ತಿಳಿಯಲು. ಶಾಸನ ರಾಯರು ಕೇಳುವುದು ಮೂರನೆಯ ಕಾರಣಕ್ಕೆ. ನೀವು ಊರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರ ಮೊಬೈಲು ಹೊರಬಂದಿರುತ್ತದೆ, ಕನ್ನಡಕ ಹಣೆಗೇರಿರುತ್ತದೆ. ‘ನಿಮ್ಮೂರಲ್ಲಿ ನಾಲ್ಕಿವೆ. ಎರಡು ವೀರಗಲ್ಲು, ಒಂದು ಕೆರೆಗೆ ಬಿಟ್ಟ ದಾನ, ಇನ್ನೊಂದರ ಅಕ್ಷರ ಸವೆದಿದೆ. ನೋಡಿದೀರಾ?’ ನೀವು ನೋಡಿರುವುದಿಲ್ಲ. ‘ಹುಟ್ಟಿದೂರು ಅಂತೀರಿ!’ ಒಂದೂ ಶಾಸನ ಸಿಗದಿದ್ದರೆ ಇನ್ನೂ ಕಷ್ಟ. ಆಗ ನಿಮ್ಮ ಮುಖ ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ‘ಇರಲಿ ಬಿಡಿ, ಸರ್ವೆ ಸರಿಯಾಗಿ ಆಗಿರಲಿಕ್ಕಿಲ್ಲ’ ಎನ್ನುತ್ತಾರೆ.

ಬೆಂಗಳೂರಿನ ಬಡಾವಣೆಗೊಬ್ಬರಂತೆ ಇಂಥವರು ಈಗ ಕಾಯಂ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರಾಗಿ, ಮಗ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಮೊದಲು ಷೇರು ನೋಡುತ್ತಿದ್ದವರು, ಯಾವುದೋ ಒಂದು ಮಧ್ಯಾಹ್ನ ಕೈತಪ್ಪಿ ಶಾಸನಗಳ ಕಣಜಕ್ಕೆ ಬಿದ್ದು ಮತ್ತೆ ಮೇಲೇಳದವರು. ಸಂಜೆ ವಾಕಿಂಗಿಗೆ ಹೊರಟರೆ ಕೈಯಲ್ಲಿ ಮೆತ್ತನೆಯ ಬ್ರಷ್ಷು, ಒಂದು ಟಾರ್ಚು. ಸವೆದ ಅಕ್ಷರಕ್ಕೆ ಕತ್ತಲಲ್ಲಿ ಓರೆಯಾಗಿ ಬೆಳಕು ಬಿಟ್ಟರೆ ಓದಲು ಬರುತ್ತದೆ. ಇದು ಶಾಸನತಜ್ಞರೆಲ್ಲ ಒಪ್ಪುವ ವಿಧಾನವೇ. ಆದರೆ ರಾತ್ರಿ ಎಂಟರ ಮೇಲೆ ಹಾಳು ಗುಡಿಯ ಹಿಂದೆ ಟಾರ್ಚು ಹಿಡಿದು ಕೂತವನನ್ನು ಊರವರು ಶಾಸನತಜ್ಞ ಅಂದುಕೊಳ್ಳುವುದಿಲ್ಲ, ನಿಧಿಗಳ್ಳ ಅಂದುಕೊಳ್ಳುತ್ತಾರೆ.

ರಾಯರ ಮನೆದೇವರು ತಿರುಪತಿ ತಿಮ್ಮಪ್ಪನಾದರೂ ದಿನನಿತ್ಯದ ಭಕ್ತಿ ಬಿ.ಎಲ್. ರೈಸ್ ಅವರಿಗೆ ಸಲ್ಲುತ್ತದೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಪುಣ್ಯಾತ್ಮ ಹಳೇ ಮೈಸೂರಿನ ಮೂಲೆಮೂಲೆಯ ಕಲ್ಲುಗಳನ್ನು ಓದಿಸಿ, 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟ ತಂದರು. ಸುಮಾರು ಒಂಬತ್ತು ಸಾವಿರ ಶಾಸನ. ಅವೆಲ್ಲ ಈಗ ಅಂತರ್ಜಾಲದಲ್ಲಿ ಕೂತಲ್ಲೇ ಸಿಗುತ್ತವೆ ಎನ್ನುವುದು ನಿಜ. ಆದರೆ ಹುಡುಕಿದವರಿಗಷ್ಟೇ ಗೊತ್ತು ಅದರ ಪಾಡು. ರೈಸ್ ಸಾಹೇಬರು ಇಂಗ್ಲಿಷ್ ಅಕ್ಷರದ ಕೆಳಗೊಂದು ಚುಕ್ಕೆ, ಮೇಲೊಂದು ಗೆರೆ ಇಟ್ಟು ಊರ ಹೆಸರು ಬರೆದಿದ್ದಾರೆ. ರಾಯರ ಕೀಬೋರ್ಡಿನಲ್ಲಿ ಆ ಚುಕ್ಕೆ ಇಲ್ಲ. ಚುಕ್ಕೆಯಿಲ್ಲದೆ ಹೊಡೆದರೆ ಊರೇ ಇಲ್ಲ ಎಂದು ಬರುತ್ತದೆ. ಯಲಹಂಕ ಎಂದು ಹುಡುಕಿದರೆ ಚೋಳರು ಅದನ್ನು ಇಲೈಪಾಕ್ಕ ಎಂದು ಕೆತ್ತಿಸಿಟ್ಟಿದ್ದಾರೆ. ಹೆಬ್ಬಾಳ ಎಂದರೆ ಗಂಗರ ಕಾಲದಲ್ಲಿ ಪೆರ್ಬೊಳಲು. ಇನ್ನು ಹೊಸಹಳ್ಳಿ ಎಂದು ಹೊಡೆದ ದಿನ ರಾಯರಿಗೆ ರಾತ್ರಿಯ ಊಟವಿಲ್ಲ. ಹೊಸಹಳ್ಳಿ ಇಲ್ಲದ ತಾಲ್ಲೂಕು ಯಾವುದಿದೆ?

ಹೆಸರು ಸಿಕ್ಕಿತು ಅಂದುಕೊಳ್ಳಿ. ಕಲ್ಲು ಎಲ್ಲಿದೆ ಎಂಬುದಕ್ಕೆ ಬೆಂಗಳೂರು ಜಿಲ್ಲೆಯ ಸಂಪುಟ ಹೇಳುವುದು 1905ರ ವಿಳಾಸ: ಊರ ಪಡುವಣ ಹೊಲದಲ್ಲಿ, ಕೆರೆ ತೂಬಿನ ಹತ್ತಿರ, ಇಂಥವರ ತೋಟದಲ್ಲಿ. ಆ ಹೊಲದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಬೆಳೆದಿದೆ. ಅಂಥದೊಂದರ ಗೇಟಿನಲ್ಲಿ ರಾಯರಿಗೂ ಸೆಕ್ಯೂರಿಟಿಯವನಿಗೂ ನಡೆದ ಮಾತು ಹೀಗಿತ್ತು.

‘ಯಾವ ಫ್ಲ್ಯಾಟು ಸಾರ್?’

‘ಫ್ಲ್ಯಾಟಲ್ಲಪ್ಪ. ಒಂಬತ್ತನೇ ಶತಮಾನ.’

‘ಒಂಬತ್ತನೇ ಫ್ಲೋರಾ? ಓನರ್ ಯಾರು?’

‘ಓನರ್ ಅಂದ್ರೆ... ಆಗ ಈ ಕಡೆಯೆಲ್ಲ ಗಂಗರದ್ದು.’

‘ಓ, ಗಂಗರಾಜ್ ಸಾರಾ? ಅವ್ರು ಖಾಲಿ ಮಾಡ್ಕೊಂಡು ಹೋಗಿ ತುಂಬ ದಿನ ಆಯ್ತಲ್ಲ ಸಾರ್!’

‘ಹೌದು ಕಣಯ್ಯ,’ ಎಂದರು ರಾಯರು, ಮೊದಲ ಸಲ ವಿಷಯ ತಿಳಿದವನೊಬ್ಬ ಸಿಕ್ಕ ಸಂತೋಷಕ್ಕೆ. ‘ಸಾವಿರದ ನಾಲ್ಕರಲ್ಲಿ. ಚೋಳರು ಬಿಡಿಸಿದ್ದು.’

ರಿಜಿಸ್ಟರಿನಲ್ಲಿ ಬಂದ ಕಾರಣದ ಮುಂದೆ ಅವನು ‘ಕೊರಿಯರ್’ ಎಂದು ಬರೆದುಕೊಂಡ.

ಬೀದಿಯವರಿಗೆ ರಾಯರೆಂದರೆ ಮೊದಲು ತಮಾಷೆ, ಆಮೇಲೆ ಭಯ. ಗೃಹಪ್ರವೇಶಕ್ಕೆ ಕರೆದರೆ ಹಾಲುಕ್ಕಿದ್ದನ್ನು ನೋಡುವುದು ಬಿಟ್ಟು ‘ಪಾಯ ತೆಗೆಯುವಾಗ ಏನಾದರೂ ಸಿಕ್ತಾ?’ ಎಂದು ಮನೆಯವರನ್ನು ಮೂಲೆಗೆ ಒಯ್ದು ಕೇಳುತ್ತಾರೆ. ಒಂದು ದಿನ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರಿಗೆ ಅನುಮತಿ ಬೇಕು ಎಂಬ ಕೇಂದ್ರದ ಕಾನೂನನ್ನು ಹಾಕಿದರು. ಅದು ಘೋಷಿತ ಸ್ಮಾರಕಗಳಿಗೆ ಮಾತ್ರ ಎಂದು ಕೆಳಗೆ ಬರೆದಿದ್ದರು. ಕೆಳಗಿನದನ್ನು ಗುಂಪಿನಲ್ಲಿ ಯಾರು ಓದುತ್ತಾರೆ? ಮೂರನೇ ಮಹಡಿ ಎಬ್ಬಿಸುತ್ತಿದ್ದವರೊಬ್ಬರು ಅಂದೇ ಸಂಜೆ ರಾಯರ ಮನೆಗೆ ಹಣ್ಣಿನ ಬುಟ್ಟಿ ತಂದರು. ಅಂದಿನಿಂದ ಯಾರ ಸೈಟಿನಲ್ಲಿ ಉದ್ದನೆಯ ಚಪ್ಪಡಿ ಎದ್ದರೂ ಬೆಳಗಾಗುವುದರೊಳಗೆ ಟ್ರ್ಯಾಕ್ಟರು ಹತ್ತಿರುತ್ತದೆ. ಶಾಸನಕ್ಕೆ ಕೇಡು ಬಗೆದವನು ಕಾಶಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಹೋಗಲಿ ಎಂದು ಕಲ್ಲಿನ ಕೊನೆಯಲ್ಲಿ ಕೆತ್ತಿರುತ್ತದೆ ಸರಿ, ಓದುವುದಕ್ಕೆ ಮೊದಲೇ ಸಾಗಿಸಿದವನಿಗೂ ಆ ಪಾಪ ತಟ್ಟುತ್ತದೆಯೇ ಎಂಬುದನ್ನು ಧರ್ಮಶಾಸ್ತ್ರ ಬಲ್ಲವರು ಹೇಳಬೇಕು.

ಹಾಗಂತ ರಾಯರ ಜಾತಿಯನ್ನು ಪೂರ್ತಿ ಗೇಲಿ ಮಾಡುವ ಧೈರ್ಯ ನನಗಿಲ್ಲ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಸುಮಾರು ಕ್ರಿ.ಶ. 750ರದ್ದು, ಬೆಳಕಿಗೆ ಬಂದದ್ದು 2018ರಲ್ಲಿ. ಇಂಥ ತಲೆಕೆಟ್ಟ ಆಸಕ್ತರು ಸೇರಿ ಅದಕ್ಕೊಂದು ಮಂಟಪ ಎಬ್ಬಿಸದಿದ್ದರೆ ಕಿತ್ತಯ್ಯ ಇಷ್ಟುಹೊತ್ತಿಗೆ ಯಾವುದೋ ಮೋರಿಯ ಮುಚ್ಚಳವಾಗಿರುತ್ತಿದ್ದ. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಅಕ್ಷರವೂ ಪರದೆಯ ಮೇಲೆ ಎದ್ದು ಬರುತ್ತದೆ. ರಾಯರು ಅವನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತರೆ ಕುಕ್ಕರಿನ ಐದನೇ ಸೀಟಿಯೂ ಕೇಳುವುದಿಲ್ಲ. ಅವರ ಮನೆಯವರು ಒಮ್ಮೆ ನನ್ನೆದುರೇ ಹೇಳಿದರು: ‘ನಾನು ಹೋದ ಮೇಲೆ ನನಗೂ ಒಂದು ಕಲ್ಲು ನೆಡಿಸಿ ಅಂದಿದೀನಿ. ಮಾಸ್ತಿಗಲ್ಲು ಬೇಡ. ಇವರ ಜೊತೆ ಇಷ್ಟು ವರ್ಷ ಹೋರಾಡಿದೀನಲ್ಲ, ವೀರಗಲ್ಲೇ ನೆಡಿಸಿ.’

ಕಳೆದ ತಿಂಗಳು ರಾಯರ ಬಹುಕಾಲದ ಬೇಟೆಯೊಂದು ಕೈಗೂಡಿತು. ಸಂಪುಟದಲ್ಲಿರುವ, ಸ್ಥಳದಲ್ಲಿ ಮಾತ್ರ ಯಾರಿಗೂ ಸಿಗದ ಒಂದು ವೀರಗಲ್ಲು. ಹಳೇ ಊರಿನ ಬೇವಿನಮರದ ಬುಡದಲ್ಲಿ, ಮೈತುಂಬ ಬೆಳ್ಳಿ ಬಣ್ಣದ ಆಯಿಲ್ ಪೇಂಟು ಬಳಿಸಿಕೊಂಡು, ಮೀಸೆಗೆ ಕಪ್ಪು ಹಚ್ಚಿಸಿಕೊಂಡು ನಿಂತಿತ್ತು. ಅಕ್ಷರಗಳಿರುವ ಪಟ್ಟಿಗೆ ಇನ್ನೊಂದು ಕೋಟು ಹೆಚ್ಚಾಗಿಯೇ ಬಿದ್ದಿತ್ತು. ರಾಯರು ಮೊಬೈಲಿನಲ್ಲಿ ಸ್ಥಳ ಗುರುತಿಸಿ, ತಾವೇ ಮಾಡಿಕೊಂಡ ಪಟ್ಟಿ ತೆರೆದರು. ಸ್ಥಿತಿ ಎಂಬಲ್ಲಿ ಮೂರೇ ಆಯ್ಕೆ: ಚೆನ್ನಾಗಿದೆ, ಭಗ್ನ, ಕಾಣೆಯಾಗಿದೆ. ಯಾವುದನ್ನು ಒತ್ತುವುದೆಂದು ಅವರು ಯೋಚಿಸುತ್ತಿರುವಾಗ, ಎಣ್ಣೆಬತ್ತಿ ಹಿಡಿದು ಬಂದ ಅಜ್ಜಿಯೊಬ್ಬಳು ‘ಏನು ಹುಡುಕ್ತಿದೀಯಪ್ಪ?’ ಎಂದಳು.

‘ಈ ಕಲ್ಲೇ ಅಜ್ಜಿ. ಬಹಳ ವರ್ಷದಿಂದ ಕಾಣೆಯಾಗಿತ್ತು.’

‘ಕಾಣೆಯಾಗಿತ್ತಾ? ನನ್ನ ಮದುವೆಯಾಗಿ ಬಂದಾಗಿಂದ ಸೋಮವಾರ ಸೋಮವಾರ ಎಣ್ಣೆ ಎರೀತಿದೀನಿ, ಒಂದಿನಾನೂ ಎಲ್ಲಿಗೂ ಹೋಗಿಲ್ಲ ನಮ್ಮಪ್ಪ.’ ಅವಳು ಅವರ ಕೈಯ ಬ್ರಷ್ಷನ್ನೂ ಮೊಬೈಲನ್ನೂ ನೋಡಿದಳು. ‘ಅದಿರಲಿ, ಬರಿಗೈಲಿ ಬಂದಿದೀಯಲ್ಲ, ಕಾಯಿ ಎಲ್ಲಿ?’